ಅಮೇರಿಕೆಯ ಕಾಯದೆಯಲ್ಲಿ ಮತವೂ ಸರಕಾರವೂ

(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಸರಕಾರವು ಮತದ ಗೊಡವೆಗೆ ಹೋಗಬಾರದೆಂದು ರಾಜ್ಯಘಟನೆಯಲ್ಲಿಯೇ ಬರೆದಿಟ್ಟಿರುವರೆಂಬ ಸಂಗತಿಯನ್ನು ತಾವೆಲ್ಲರೂ ಕೇಳಿರುವಿರಿ. ಇದನ್ನು ಕೇಳಿದೊಡನೆ ನಮ್ಮ ಜನರಲ್ಲಿ ಎರಡು ಬಗೆಯ ಭಾವನೆಗಳು ಹುಟ್ಟುವುದುಂಟು. ದೈವಭಕ್ತರಾದವರು, ಇದು ದೇವರನ್ನು ಊರ ಹೊರಗೆ ಹಾಕುವ ನಾಸ್ತಿಕರ ಕಾಯದೆಯೆಂದು ಮುಖ ತಿರುಗಿಸುವರು. ಹೊಸ ವಿದ್ಯೆಯನ್ನು ಕಲಿತವರಲ್ಲಿ ಕೆಲವರು, ಮತವೆಂಬ ಪೀಡೆಯನ್ನು ತೊಲಗಿಸಲು ಬುದ್ಧಿವಂತರು ಹೂಡಿದ ಉಪಾಯವೆಂದು ಹಿಗ್ಗುವರು. ಈ ಎರಡು ತಿಳುವಳಿಕೆಗಳೂ ತಪ್ಪೆಂಬುದನ್ನು ತೋರಿಸಿಕೊಡುವುದೇ ಈ ದಿನದ ನಮ್ಮ ಭಾಷಣದ ಉದ್ದೇಶವು. ಮತಕ್ಕೂ ಸರಕಾರಕ್ಕೂ ನಡುವೆ ಗೋಡೆಯಿರಬೇಕೆಂದು ಹೋರಾಡಿದವರಲ್ಲಿ ತಮ್ಮ ದೇವರಿಗಾಗಿ ಸೆರೆಮನೆಯನ್ನು ಕಂಡ ಭಕ್ತರೇ ಮುಂದಾಳುಗಳಾಗಿದ್ದರು. ಆ ಗೋಡೆಯ ನಿಜವಾದ ಬೆಲೆಯು ಗೊತ್ತಾದುದಾದರೂ ದೊಡ್ಡ ಸಭಾಗೃಹಗಳಲ್ಲಿ ಅಲ್ಲ. ತಮ್ಮಂಥ ಉಪಾಧ್ಯಾಯರು ಪಾಠ ಹೇಳುವ ಶಾಲೆಯ ಕೋಣೆಗಳಲ್ಲಿ.

ಮೊದಲಿಗೆ ಶಬ್ದದ ವಿಷಯವಾಗಿ ಒಂದು ಮಾತು. ನಮ್ಮ ಭಾಷೆಯಲ್ಲಿ ಧರ್ಮವೆಂಬುದಕ್ಕೆ ಬಹಳ ಅರ್ಥಗಳುಂಟು. ನೀತಿಯೂ ಧರ್ಮ, ಕರ್ತವ್ಯವೂ ಧರ್ಮ, ಬಡವನಿಗೆ ಇಕ್ಕಿದ ತುತ್ತೂ ಧರ್ಮ. ಅಂಥ ಧರ್ಮವನ್ನು ಸರಕಾರದಿಂದ ಬೇರ್ಪಡಿಸಿದರೆ ಉಳಿಯುವುದು ಲೂಟಿಯೇ ಹೊರತು ಸರಕಾರವಲ್ಲ. ಅಮೇರಿಕದವರು ಬೇರ್ಪಡಿಸಿದ್ದು ಈ ಧರ್ಮವನ್ನಲ್ಲ. ದೇವರು ಎಂಥವನು, ಅವನನ್ನು ಹೇಗೆ ಪೂಜಿಸಬೇಕು, ಪೂಜಿಸಲೇಬೇಕೋ ಬೇಡವೋ ಎಂಬ ನಂಬಿಕೆಯನ್ನೂ ಆ ನಂಬಿಕೆಯ ಸುತ್ತ ಕಟ್ಟಿಕೊಂಡ ಮಠ ಮಂದಿರಗಳ ಅಧಿಕಾರವನ್ನೂ ಮಾತ್ರವೇ ಅವರು ಸರಕಾರದ ಕೈಯಿಂದ ತೆಗೆದರು. ಆದುದರಿಂದ ನಾವು ಇಲ್ಲಿ ಮತವೆಂಬ ಶಬ್ದವನ್ನೇ ಬಳಸುವೆವು.

ಇಂಗ್ಲೆಂಡಿನಲ್ಲಿ ಮತದ ಕಾರಣದಿಂದ ಕಿರುಕುಳಕ್ಕೊಳಗಾದ ಪ್ಯೂರಿಟನ್ ಪಂಥದವರು ಕಡಲನ್ನು ದಾಟಿ ಮ್ಯಾಸಚೂಸೆಟ್ಸಿನಲ್ಲಿ ನೆಲೆಸಿದರು. ಪೆಟ್ಟು ತಿಂದವನು ಪೆಟ್ಟಿನ ನೋವನ್ನು ಅರಿತಿರಬೇಕಷ್ಟೆ? ಹಾಗಾಗಲಿಲ್ಲ. ಅಧಿಕಾರವು ತಮ್ಮ ಕೈಗೆ ಬಂದೊಡನೆ ಅವರು ತಮ್ಮ ಪಂಥವನ್ನೇ ನಾಡಿನ ಪಂಥವನ್ನಾಗಿ ಮಾಡಿದರು. ಸರಕಾರದ ಅಧಿಕಾರಿಗಳಿಗೆ ಮನಸ್ಸಾಕ್ಷಿಯ ಮೇಲೆ ಅಧಿಕಾರವಿಲ್ಲವೆಂದು ಸಾರಿದ ರೋಜರ್ ವಿಲಿಯಮ್ಸನೆಂಬ ಪಾದ್ರಿಗೆ ೧೬೩೫ರಲ್ಲಿ ಗಡೀಪಾರಿನ ಶಿಕ್ಷೆಯಾಯಿತು. ಕ್ವೇಕರ್ ಪಂಥದ ಮೇರಿ ಡೈಯರ್ ಎಂಬ ಹೆಂಗಸು, ಬರಬಾರದೆಂದು ವಿಧಿಸಿದ್ದರೂ ಬಾಸ್ಟನ್ ಪಟ್ಟಣಕ್ಕೆ ಮರಳಿ ಬಂದುದಕ್ಕಾಗಿ ೧೬೬೦ರಲ್ಲಿ ನೇಣುಗಂಬವನ್ನೇರಿದಳು. ವಿಲಿಯಮ್ಸನು ಚಳಿಗಾಲದ ಹಿಮದಲ್ಲಿ ಅಲೆದು, ೧೬೩೬ರಲ್ಲಿ ಪ್ರಾವಿಡೆನ್ಸ್ ಎಂಬ ಊರನ್ನು ನೆಲೆಗೊಳಿಸಿ, ಎಲ್ಲ ನಂಬಿಕೆಯವರಿಗೂ ಅಲ್ಲಿ ಎಡೆಕೊಟ್ಟನು. ಮತವೆಂಬ ತೋಟಕ್ಕೂ ಲೋಕವೆಂಬ ಕಾಡಿಗೂ ನಡುವೆ ಬೇಲಿಯಿರಬೇಕೆಂಬ ಅರ್ಥದ ಮಾತನ್ನು ೧೬೪೪ರಲ್ಲಿಯೇ ಬರೆದವನು ಈತನು. ಆತನಿಗೆ ಚಿಂತೆಯಿದ್ದುದು ತೋಟದ್ದು. ಕಾಡು ನುಗ್ಗಿದರೆ ಕೆಡುವುದು ತೋಟವೇ ಅಲ್ಲವೇ?

ಇನ್ನು ವರ್ಜೀನಿಯಾದ ಕಡೆಗೆ ನೋಡೋಣ. ಅಲ್ಲಿ ಇಂಗ್ಲೆಂಡಿನ ಅಧಿಕೃತ ಪಂಥವೇ ಸರಕಾರದ ಪಂಥವಾಗಿದ್ದಿತು. ಪಾದ್ರಿಗಳ ವೇತನಕ್ಕಾಗಿ ಎಲ್ಲರೂ, ಆ ಪಂಥಕ್ಕೆ ಸೇರದವರೂ, ತಂಬಾಕಿನ ರೂಪದಲ್ಲಿ ತೆರಿಗೆಯನ್ನು ಕೊಡಬೇಕಾಗಿತ್ತು. ಪರವಾನಗಿಯಿಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಪಂಥದ ಬೋಧಕರನ್ನು ಹಿಡಿದು ಸೆರೆಗೆ ಹಾಕುತ್ತಿದ್ದರು. ಅವರಲ್ಲಿ ಕೆಲವರು ಸೆರೆಮನೆಯ ಕಿಟಕಿಯ ಸರಳುಗಳ ಎಡೆಯಿಂದಲೇ ಹೊರಗೆ ನೆರೆದ ಜನರಿಗೆ ಉಪದೇಶ ಮಾಡಿದರು. ಈ ಅನ್ಯಾಯವನ್ನು ಕಂಡು ಕುದಿದವರಲ್ಲಿ ಜೇಮ್ಸ್ ಮ್ಯಾಡಿಸನ್ ಎಂಬ ತರುಣನೊಬ್ಬನು. ೧೭೭೬ರಲ್ಲಿ ವರ್ಜೀನಿಯಾದ ಹಕ್ಕುಗಳ ಘೋಷಣೆಯು ಸಿದ್ಧವಾಗುತ್ತಿರುವಾಗ ಅದರ ಕರಡಿನಲ್ಲಿ ಅನ್ಯಮತದವರನ್ನು ಸಹಿಸಿಕೊಳ್ಳಬೇಕೆಂಬ ಮಾತಿದ್ದಿತು. ಇಪ್ಪತ್ತೈದು ವರ್ಷದ ಮ್ಯಾಡಿಸನ್ನನು ಅದನ್ನು ಒಪ್ಪಲಿಲ್ಲ. ಸಹಿಸುವವನು ನಾಳೆ ಸಹಿಸದೆಯೂ ಇರಬಹುದು. ಸಹನೆಯು ಬಲ್ಲಿದನು ಕೊಟ್ಟ ಭಿಕ್ಷೆ, ಹಕ್ಕಾದರೋ ಹುಟ್ಟಿನಿಂದ ಬಂದ ಸ್ವತ್ತು. ಎಲ್ಲರಿಗೂ ತಮ್ಮ ಮತವನ್ನು ಆಚರಿಸುವ ಸಮಾನವಾದ ಅಧಿಕಾರವುಂಟೆಂದು ಆ ಮಾತನ್ನು ತಿದ್ದಿಸಿದನು. ಒಂದು ಶಬ್ದದ ಈ ತಿದ್ದುಪಡಿಯಲ್ಲಿ ಮುಂದಿನ ಇತಿಹಾಸವೆಲ್ಲ ಅಡಗಿದೆಯೆಂದು ನಾವು ತಿಳಿಯುತ್ತೇವೆ.

ನಿಜವಾದ ಕಾಳಗವು ನಡೆದುದು ೧೭೮೪ರಲ್ಲಿ. ಪ್ರಸಿದ್ಧ ವಾಗ್ಮಿಯಾದ ಪ್ಯಾಟ್ರಿಕ್ ಹೆನ್ರಿಯು ಕ್ರೈಸ್ತ ಬೋಧಕರ ಪೋಷಣೆಗಾಗಿ ತೆರಿಗೆಯೆತ್ತುವ ಮಸೂದೆಯೊಂದನ್ನು ಮುಂದಿಟ್ಟನು. ಮಸೂದೆಯು ಮೇಲೆ ನೋಡಲು ಬಹು ಸೌಮ್ಯವಾಗಿದ್ದಿತು. ತನ್ನ ಹಣವು ಕ್ರೈಸ್ತರ ಯಾವ ಪಂಗಡಕ್ಕೆ ಹೋಗಬೇಕೆಂಬುದನ್ನು ತೆರಿಗೆ ಕೊಡುವವನೇ ಹೇಳಬಹುದಾಗಿತ್ತು. ಇದರಲ್ಲಿ ಕೆಡುಕೇನು ಎಂದು ಯಾರಿಗಾದರೂ ತೋರುವಂತಿದ್ದಿತು. ಮ್ಯಾಡಿಸನ್ನನು ೧೭೮೫ರಲ್ಲಿ ಒಂದು ಮನವಿಯನ್ನು ಬರೆದು ಊರೂರಿಗೆ ಕಳುಹಿಸಿದನು. ಅದರ ವಾದವು ನಮ್ಮಂಥ ವಕೀಲರು ಇಂದಿಗೂ ಓದಿ ಕಲಿಯತಕ್ಕದ್ದು. ಕ್ರೈಸ್ತ ಮತವನ್ನು ಎತ್ತಿಹಿಡಿಯುವ ಅಧಿಕಾರವನ್ನು ಸರಕಾರಕ್ಕೆ ಇಂದು ಕೊಟ್ಟರೆ, ಕ್ರೈಸ್ತರಲ್ಲಿಯೇ ಒಂದು ಪಂಗಡವನ್ನು ಎತ್ತಿ ಮಿಕ್ಕವರನ್ನು ತುಳಿಯುವ ಅಧಿಕಾರವೂ ಅದರೊಡನೆಯೇ ಹೋಗುವುದು. ಮೂರು ಕಾಸನ್ನು ಬಲವಂತದಿಂದ ವಸೂಲು ಮಾಡಬಲ್ಲ ಸರಕಾರವು ಎಲ್ಲವನ್ನೂ ಬಲವಂತದಿಂದ ಮಾಡಿಸಬಲ್ಲುದು. ಇಷ್ಟೇ ಅಲ್ಲ, ಸರಕಾರದ ಅನ್ನವನ್ನುಂಡ ಪಾದ್ರಿಗಳು ಶತಮಾನಗಳಿಂದ ಸೋಮಾರಿಗಳೂ ಗರ್ವಿಷ್ಠರೂ ಆದುದನ್ನು ಯೂರೋಪಿನ ಇತಿಹಾಸವೇ ಹೇಳುತ್ತಿದೆ ಎಂದೂ ಆತನು ತೋರಿಸಿದನು. ಬ್ಯಾಪ್ಟಿಸ್ಟರೂ ಪ್ರೆಸ್ಬಿಟೀರಿಯನ್ನರೂ ಸಾವಿರಾರು ರುಜುಗಳುಳ್ಳ ಅರ್ಜಿಗಳನ್ನು ಕಳುಹಿಸಿದರು. ತಮ್ಮ ಬೋಧಕರಿಗೂ ಹಣವು ಬರುತ್ತಿದ್ದಿತು, ಆದರೂ ಬೇಡವೆಂದರು. ಇದನ್ನು ತಾವು ಮನಸ್ಸಿಟ್ಟು ನೋಡಬೇಕು. ಮಸೂದೆಯು ಬಿದ್ದುಹೋಯಿತು.

ಆ ಗೆಲುವಿನ ಬೆನ್ನಿಗೇ ಮ್ಯಾಡಿಸನ್ನನು ತನ್ನ ಮಿತ್ರನಾದ ಥಾಮಸ್ ಜೆಫರ್ಸನ್ನನು ಹಲವು ವರ್ಷಗಳ ಹಿಂದೆ ಬರೆದಿಟ್ಟಿದ್ದ ಮತಸ್ವಾತಂತ್ರ್ಯದ ಕಾಯದೆಯನ್ನು ಸಭೆಯ ಮುಂದಿಟ್ಟು ೧೭೮೬ರ ಜನವರಿಯಲ್ಲಿ ಪಾಸುಮಾಡಿಸಿದನು. ಕಾಯದೆಯ ಪೀಠಿಕೆಯಲ್ಲಿ ಯೇಸು ಕ್ರಿಸ್ತನ ಹೆಸರನ್ನು ಸೇರಿಸಬೇಕೆಂದು ಕೆಲವರು ಸೂಚಿಸಿದರು, ಸಭೆಯು ಒಪ್ಪಲಿಲ್ಲ. ಮುಂದೆ ತನ್ನ ಆತ್ಮವೃತ್ತದಲ್ಲಿ ಈ ಪ್ರಸಂಗವನ್ನು ಹೇಳುವಾಗ ಜೆಫರ್ಸನ್ನನು, ಈ ಕಾಯದೆಯ ನೆರಳು ಕ್ರೈಸ್ತರಿಗೆ ಮಾತ್ರವಲ್ಲ, ಯಹೂದ್ಯರಿಗೆ, ಮುಸಲ್ಮಾನರಿಗೆ, ಹಿಂದುಗಳಿಗೆ, ಯಾವ ಮತವನ್ನೂ ನಂಬದವರಿಗೆ ಸಹ ಇರಬೇಕೆಂದು ಸಭೆಯವರ ಅಭಿಪ್ರಾಯವಾಗಿದ್ದಿತೆಂದು ಬರೆದಿದ್ದಾನೆ. ವರ್ಜೀನಿಯಾದ ಶಾಸನಸಭೆಯು ಕಾಣದ ಹಿಂದುವಿಗೂ ಒಂದು ಚಾಪೆಯನ್ನು ಹಾಸಿಟ್ಟಿತು! ಜೆಫರ್ಸನ್ನನು ಎರಡು ಸಲ ರಾಷ್ಟ್ರಾಧ್ಯಕ್ಷನಾದವನು. ಆದರೂ ತನ್ನ ಸಮಾಧಿಯ ಕಲ್ಲಿನ ಮೇಲೆ ಆ ಪದವಿಯನ್ನು ಬರೆಯಿಸಬಾರದೆಂದೂ, ಈ ಕಾಯದೆಯ ಕರ್ತನೆಂಬುದನ್ನು ಬರೆಯಿಸಬೇಕೆಂದೂ ಹೇಳಿಟ್ಟನು.

೧೭೮೭ರ ರಾಜ್ಯಘಟನೆಯ ಆರನೆಯ ಕಲಮಿನಲ್ಲಿ, ಸಂಯುಕ್ತ ಸರಕಾರದ ಯಾವ ಹುದ್ದೆಗೂ ಮತದ ಪರೀಕ್ಷೆಯಿರಕೂಡದೆಂದು ವಿಧಿಸಲಾಯಿತು. ೧೭೯೧ರಲ್ಲಿ ಜಾರಿಗೆ ಬಂದ ಮೊದಲನೆಯ ತಿದ್ದುಪಡಿಯು ಎರಡು ಮಾತುಗಳನ್ನು ಹೇಳಿತು: ಕಾಂಗ್ರೆಸ್ಸೆಂಬ ಅಲ್ಲಿಯ ಶಾಸನಸಭೆಯು ಮತವನ್ನು ಸ್ಥಾಪಿಸುವ ಕಾಯದೆಯನ್ನು ಮಾಡಕೂಡದು, ಮತವನ್ನು ಆಚರಿಸುವ ಸ್ವಾತಂತ್ರ್ಯಕ್ಕೂ ಅಡ್ಡಿಮಾಡಕೂಡದು. ಸರಕಾರವು ಮತದ ಬೆನ್ನು ಚಪ್ಪರಿಸಲೂ ಕೂಡದು, ಕುತ್ತಿಗೆ ಹಿಸುಕಲೂ ಕೂಡದು ಎಂದು ಇದರ ತಾತ್ಪರ್ಯವು. ೧೮೦೨ರ ಜನವರಿ ೧ರಂದು ಕನೆಕ್ಟಿಕಟ್ಟಿನ ಡ್ಯಾನ್‌ಬರಿ ಊರಿನ ಬ್ಯಾಪ್ಟಿಸ್ಟರಿಗೆ ಬರೆದ ಕಾಗದದಲ್ಲಿ ಜೆಫರ್ಸನ್ನನು ಇದನ್ನೇ ಮತಕ್ಕೂ ಸರಕಾರಕ್ಕೂ ನಡುವಣ ಗೋಡೆಯೆಂದು ಕರೆದನು. ಗೋಡೆಯೆಂಬ ಶಬ್ದವು ರಾಜ್ಯಘಟನೆಯಲ್ಲಿ ಇಲ್ಲ. ಅದು ಈ ಕಾಗದದಿಂದ ಬಂದುದು. ಕಾಗದವನ್ನು ಪಡೆದವರು ನಾಸ್ತಿಕರಲ್ಲ, ತಮ್ಮ ಪ್ರಾಂತದಲ್ಲಿ ಅಲ್ಪಸಂಖ್ಯಾತರಾಗಿ ನೊಂದ ಭಕ್ತರು ಎಂಬುದನ್ನು ಮರೆಯಬಾರದು.

ಆದರೆ ಕಾಯದೆಯನ್ನು ಬರೆದ ಮಾತ್ರಕ್ಕೆ ಅದು ಜನರ ಮನೆಬಾಗಿಲಿಗೆ ಮುಟ್ಟುವುದಿಲ್ಲ. ಮೊದಲನೆಯ ತಿದ್ದುಪಡಿಯು ಕಟ್ಟಿದ್ದು ಸಂಯುಕ್ತ ಸರಕಾರದ ಕೈಯನ್ನು ಮಾತ್ರ. ಒಂದೊಂದು ಸಂಸ್ಥಾನದ ಕೈಯನ್ನಲ್ಲ. ಕನೆಕ್ಟಿಕಟ್ಟಿನಲ್ಲಿ ೧೮೧೮ರ ವರೆಗೆ, ಮ್ಯಾಸಚೂಸೆಟ್ಸಿನಲ್ಲಿ ೧೮೩೩ರ ವರೆಗೆ ಸರಕಾರದ ಆಶ್ರಯದ ಪಂಥವು ನಡೆದೇ ಇದ್ದಿತು. ಗುಲಾಮಗಿರಿಯ ಪ್ರಶ್ನೆಯಿಂದ ಹುಟ್ಟಿದ ಅಂತಃಕಲಹವು ಮುಗಿದ ಮೇಲೆ ೧೮೬೮ರಲ್ಲಿ ಹದಿನಾಲ್ಕನೆಯ ತಿದ್ದುಪಡಿಯು ಬಂದಿತು. ಅದರ ಬಲದಿಂದ ವರಿಷ್ಠ ನ್ಯಾಯಾಲಯವು ಮತಾಚರಣೆಯ ಸ್ವಾತಂತ್ರ್ಯವನ್ನು ೧೯೪೦ರಲ್ಲಿಯೂ, ಮತಸ್ಥಾಪನೆಯ ನಿಷೇಧವನ್ನು ೧೯೪೭ರಲ್ಲಿಯೂ ಎಲ್ಲ ಸಂಸ್ಥಾನಗಳಿಗೆ ಅನ್ವಯಿಸಿತು. ಕಾಗದದ ಮೇಲಿನ ಗೋಡೆಯು ಊರ ಶಾಲೆಯ ಹೊಸ್ತಿಲಿಗೆ ಬರಲು ಒಂದೂವರೆ ಶತಮಾನವು ಹಿಡಿಯಿತೆಂದು ಹೇಳಬಹುದು.

ಶಾಲೆಗಳಲ್ಲಿ ಆ ವರೆಗೆ ನಡೆದುದೇನು? ೧೮೪೪ರಲ್ಲಿ ಫಿಲಡೆಲ್ಫಿಯಾ ಪಟ್ಟಣದ ಸರಕಾರಿ ಶಾಲೆಗಳಲ್ಲಿ ಪ್ರಾಟೆಸ್ಟೆಂಟರ ಬೈಬಲ್ಲನ್ನು ಓದಿಸುತ್ತಿದ್ದರು. ನಮ್ಮ ಮಕ್ಕಳಿಗೆ ನಮ್ಮ ಬೈಬಲ್ ಇರಲೆಂದು ಕ್ಯಾಥೊಲಿಕರು ಕೇಳಿದುದು ದೊಡ್ಡ ಗಲಭೆಗೆ ಕಾರಣವಾಯಿತು. ಇಗರ್ಜಿಗಳು ಸುಟ್ಟವು, ಹಲವರು ಸತ್ತರು. ಒಂದೇ ದೇವರನ್ನು, ಒಂದೇ ಕ್ರಿಸ್ತನನ್ನು ನಂಬಿದವರ ನಡುವೆ ಒಂದೇ ಗ್ರಂಥದ ಎರಡು ಅನುವಾದಗಳ ವಿಷಯವಾಗಿ ಇಷ್ಟು ರಕ್ತವು ಚೆಲ್ಲಿತೆಂದ ಮೇಲೆ ಹೆಚ್ಚು ಹೇಳುವುದೇನಿದೆ?

೧೯೩೫ರಲ್ಲಿ ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಥದ ಇಬ್ಬರು ಮಕ್ಕಳು, ಅಕ್ಕ ಮತ್ತು ತಮ್ಮ, ಶಾಲೆಯಲ್ಲಿ ಧ್ವಜವಂದನೆಯನ್ನು ಮಾಡಲಿಲ್ಲ. ಪ್ರತಿಮೆಗೆ ತಲೆಬಾಗಬಾರದೆಂದು ದೇವರು ಹೇಳಿರುವನೆಂಬುದೇ ಅವರ ಕಾರಣವು. ಅವರನ್ನು ಶಾಲೆಯಿಂದ ಹೊರಗೆ ಹಾಕಿದರು. ೧೯೪೦ರಲ್ಲಿ ವರಿಷ್ಠ ನ್ಯಾಯಾಲಯವು ಎಂಟಕ್ಕೆ ಒಂದು ಮತದಿಂದ ಶಾಲೆಯ ಪಕ್ಷವನ್ನೇ ಹಿಡಿಯಿತು. ಯೂರೋಪಿನಲ್ಲಿ ಯುದ್ಧವು ಹೊತ್ತಿದ್ದಿತು. ದೇಶದ ಒಗ್ಗಟ್ಟು ಮುಖ್ಯವೆಂದು ನ್ಯಾಯಾಧೀಶರಿಗೆ ತೋರಿತು. ನ್ಯಾಯಮೂರ್ತಿ ಸ್ಟೋನ್ ಒಬ್ಬರೇ ಭಿನ್ನಮತವನ್ನು ಕೊಟ್ಟರು. ತೀರ್ಪಿನ ಬಳಿಕ ಅನೇಕ ಊರುಗಳಲ್ಲಿ ಆ ಪಂಥದವರ ಮೇಲೆ ಗುಂಪುಗಳು ಬಿದ್ದು ಬಡಿದವು. ಮೂರು ವರ್ಷಗಳಾಗುವಷ್ಟರಲ್ಲಿ ನ್ಯಾಯಾಲಯವು ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತು. ವೆಸ್ಟ್ ವರ್ಜೀನಿಯಾದಿಂದ ಬಂದ ಬಾರ್ನೆಟ್ ಮೊಕದ್ದಮೆಯಲ್ಲಿ, ೧೯೪೩ರ ಜೂನ್ ೧೪ರಂದು, ಮಕ್ಕಳಿಂದ ಬಲವಂತವಾಗಿ ಧ್ವಜವಂದನೆ ಮಾಡಿಸಕೂಡದೆಂದು ಆರಕ್ಕೆ ಮೂರು ಮತದಿಂದ ತೀರ್ಪಾಯಿತು. ಆ ದಿನವು ಅಮೇರಿಕೆಯವರ ಧ್ವಜದಿನವಾಗಿದ್ದಿತು; ದೇಶವು ಮಹಾಯುದ್ಧದ ನಡುವೆ ಇದ್ದಿತು. ಮೊದಲ ತೀರ್ಪಿಗೆ ಕೈಯೆತ್ತಿದ್ದ ಮೂವರು ನ್ಯಾಯಾಧೀಶರು ತಮ್ಮ ಅಭಿಪ್ರಾಯವನ್ನು ಬದಲಿಸಿದ್ದರು. ತೀರ್ಪನ್ನು ಬರೆದ ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ನರು ಅದನ್ನು ಮತಸ್ವಾತಂತ್ರ್ಯದ ಮೇಲೆ ಮಾತ್ರ ನಿಲ್ಲಿಸದೆ ವಾಕ್‌ಸ್ವಾತಂತ್ರ್ಯದ ಮೇಲೆ ನಿಲ್ಲಿಸಿದರು. ನಂಬದ ಮಾತನ್ನು ಬಾಯಿಂದ ಹೇಳಿಸುವ ಅಧಿಕಾರವು ಯಾವ ಅಧಿಕಾರಿಗೂ ಇಲ್ಲ. ಇಂಥ ಹಕ್ಕುಗಳನ್ನು ಬಹುಮತಕ್ಕೆ ಹಾಕಿ ತೀರ್ಮಾನಿಸತಕ್ಕದ್ದಲ್ಲ ಎಂಬುದು ಅದರ ಸಾರವು. ಗೆದ್ದವರು ಯಾರು? ಊರಿಗೆಲ್ಲ ಬೇಡವಾದ ಒಂದು ಪಂಥದ ಬಡಮಕ್ಕಳು.

೧೯೪೮ರಲ್ಲಿ ಇಲಿನಾಯ್ ಸಂಸ್ಥಾನದ ಶ್ಯಾಂಪೇನ್ ಊರಿನ ಮೊಕದ್ದಮೆಯು ಬಂದಿತು. ಅಲ್ಲಿ ಶಾಲೆಯ ವೇಳೆಯಲ್ಲಿ, ಶಾಲೆಯ ಕಟ್ಟಡದಲ್ಲಿಯೇ ಆಯಾ ಪಂಥದ ಬೋಧಕರು ಬಂದು ಮತಪಾಠವನ್ನು ಹೇಳುತ್ತಿದ್ದರು. ಒಲ್ಲದ ಹುಡುಗನು ಬೇರೆಡೆಗೆ ಹೋಗಿ ಕುಳಿತಿರಬೇಕಾಗಿತ್ತು. ಇದು ಸಲ್ಲದೆಂದು ಎಂಟಕ್ಕೆ ಒಂದು ಮತದಿಂದ ತೀರ್ಪಾಯಿತು. ಆದರೆ ೧೯೫೨ರಲ್ಲಿ, ಮಕ್ಕಳು ಶಾಲೆಯನ್ನು ಬಿಟ್ಟು ಹೊರಗೆ ಹೋಗಿ ಮತಪಾಠವನ್ನು ಕೇಳಿಬರಲು ವೇಳೆ ಕೊಡುವುದು ತಪ್ಪಲ್ಲವೆಂದು ಅದೇ ನ್ಯಾಯಾಲಯವು ಹೇಳಿತು. ೧೯೬೨ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ವಿದ್ಯಾಧಿಕಾರಿಗಳು ರಚಿಸಿದ, ಇಪ್ಪತ್ತೆರಡು ಶಬ್ದಗಳ ಒಂದು ಪ್ರಾರ್ಥನೆಯು ವಾದಕ್ಕೆ ಬಂದಿತು. ಅದರಲ್ಲಿ ಯಾವ ಪಂಥದ ಹೆಸರೂ ಇರಲಿಲ್ಲ. ಒಲ್ಲದ ಮಗುವು ಸುಮ್ಮನಿರಬಹುದಾಗಿತ್ತು. ಆದರೂ ಪ್ರಾರ್ಥನೆಯನ್ನು ಬರೆದುಕೊಡುವುದು ಸರಕಾರದ ಕೆಲಸವಲ್ಲವೆಂದು ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ದೇಶದಲ್ಲಿ ದೊಡ್ಡ ಗುಲ್ಲೆದ್ದಿತು. ಆಗ ರಾಷ್ಟ್ರಾಧ್ಯಕ್ಷರಾಗಿದ್ದ ಜಾನ್ ಕೆನೆಡಿಯವರು, ಹಾಗಾದರೆ ಮನೆಯಲ್ಲಿ ಇನ್ನಷ್ಟು ಪ್ರಾರ್ಥನೆ ಮಾಡೋಣವೆಂಬ ಭಾವದ ಮಾತನ್ನು ಆಡಿದರು. ಆ ಪದವಿಗೇರಿದ ಮೊದಲ ಕ್ಯಾಥೊಲಿಕರಾದ ಅವರಿಗೆ ಈ ಗೋಡೆಯ ಉಪಕಾರವು ಚೆನ್ನಾಗಿ ಗೊತ್ತಿದ್ದಿತು. ೧೯೬೩ರಲ್ಲಿ ಶಾಲೆಯ ದಿನಚರಿಯ ಬೈಬಲ್ ಪಠನವೂ ನಿಂತಿತು. ಆದರೆ ಬೈಬಲ್ಲನ್ನು ಸಾಹಿತ್ಯವೆಂದೋ ಇತಿಹಾಸವೆಂದೋ ಪಾಠ ಹೇಳಲು ಅಡ್ಡಿಯಿಲ್ಲವೆಂದು ಅದೇ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಮಗುವು ತನ್ನಷ್ಟಕ್ಕೆ ತಾನು ಕೈಮುಗಿಯುವುದನ್ನು ಯಾವ ತೀರ್ಪೂ ತಡೆಯಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಅಮೇರಿಕೆಯ ಗೋಡೆಯಲ್ಲಿ ಬಿರುಕಿಲ್ಲವೆಂದು ತಾವು ತಿಳಿಯಬಾರದು. ಪಕ್ಷಪಾತವಿಲ್ಲದೆ ಹೇಳಬೇಕಾದರೆ ಬಿರುಕುಗಳು ಬಹಳ. ೧೯೪೭ರ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ಲ್ಯಾಕರು ಗೋಡೆಯು ಎತ್ತರವಾಗಿ, ಭೇದಿಸಲಾಗದಂತೆ ಇರಬೇಕೆಂದು ಸಾರಿದರು. ಸಾರಿದ ಅದೇ ತೀರ್ಪಿನಲ್ಲಿ, ಕ್ಯಾಥೊಲಿಕ್ ಶಾಲೆಗೆ ಹೋಗುವ ಮಕ್ಕಳ ಬಸ್ಸಿನ ವೆಚ್ಚವನ್ನು ತಾಯಿತಂದೆಗಳಿಗೆ ಸಾರ್ವಜನಿಕ ಹಣದಿಂದ ಕೊಡಬಹುದೆಂದು ಐದಕ್ಕೆ ನಾಲ್ಕು ಮತದಿಂದ ತೀರ್ಪನ್ನಿತ್ತರು. ಶಾಸನಸಭೆಯು ೧೭೮೯ರಿಂದಲೂ ವೇತನದ ಪಾದ್ರಿಯ ಪ್ರಾರ್ಥನೆಯೊಡನೆ ತೆರೆಯುತ್ತದೆ. ನಾಣ್ಯಗಳ ಮೇಲೆ ದೇವರಲ್ಲಿ ನಂಬಿಕೆಯ ವಾಕ್ಯವು ೧೮೬೪ರಲ್ಲಿ ಮೊದಲಾಗಿ ಬಂದಿತು. ೧೯೫೬ರಲ್ಲಿ ಅದೇ ರಾಷ್ಟ್ರದ ಧ್ಯೇಯವಾಕ್ಯವಾಯಿತು. ಗೋಡೆಯ ಇನ್ನೊಂದು ಬದಿಗೂ ಮಿತಿಯುಂಟು. ಮಾರ್ಮನ್ ಪಂಥದವರು ಬಹುಪತ್ನೀತ್ವವು ತಮ್ಮ ಮತದ ವಿಧಿಯೆಂದು ವಾದಿಸಿದಾಗ, ನಂಬಿಕೆಗೆ ಪೂರ್ಣ ಸ್ವಾತಂತ್ರ್ಯವುಂಟು, ಕೃತಿಯು ಮಾತ್ರ ಕಾಯದೆಗೆ ಒಳಪಟ್ಟುದೆಂದು ೧೮೭೯ರಲ್ಲಿ ತೀರ್ಪಾಗಿದ್ದಿತು.

ಇತ್ತೀಚೆಗೆ ಗಾಳಿಯು ಬೇರೆ ದಿಕ್ಕಿಗೆ ಬೀಸಿದೆ. ೨೦೨೨ರಲ್ಲಿ, ವಾಷಿಂಗ್ಟನ್ ಸಂಸ್ಥಾನದ ಸರಕಾರಿ ಶಾಲೆಯ ಕಾಲ್ಚೆಂಡಾಟದ ಶಿಕ್ಷಕರೊಬ್ಬರು ಆಟ ಮುಗಿದ ಮೇಲೆ ಮೈದಾನದ ನಡುವೆ ಮೊಣಕಾಲೂರಿ ಪ್ರಾರ್ಥಿಸಿದುದು ಅವರ ಹಕ್ಕೆಂದು ಆರಕ್ಕೆ ಮೂರು ಮತದಿಂದ ತೀರ್ಪಾಯಿತು. ಬಹುಮತದವರಿಗೆ ಅದು ಒಬ್ಬ ಭಕ್ತನ ಖಾಸಗಿ ಪ್ರಾರ್ಥನೆಯಾಗಿ ಕಂಡಿತು. ಭಿನ್ನಮತದವರಿಗೆ, ಗುರುವು ಮೊಣಕಾಲೂರಿದಾಗ ತಂಡದಲ್ಲಿ ಸ್ಥಾನವನ್ನು ಬಯಸುವ ಶಿಷ್ಯನು ನಿಂತೇ ಇರಬಲ್ಲನೇ ಎಂಬ ಪ್ರಶ್ನೆಯು ಕಂಡಿತು. ಸರಕಾರದ ಕೆಲಸದ ಉದ್ದೇಶವೇನು, ಪರಿಣಾಮವೇನು, ಮತದೊಡನೆ ತೊಡಕೆಷ್ಟು ಎಂದು ಅಳೆಯುತ್ತಿದ್ದ ೧೯೭೧ರ ಅಳತೆಗೋಲನ್ನು ನ್ಯಾಯಾಲಯವು ಆ ತೀರ್ಪಿನಲ್ಲಿ ಕೈಬಿಟ್ಟು, ಇತಿಹಾಸ ಸಂಪ್ರದಾಯಗಳನ್ನು ನೋಡಬೇಕೆಂದಿತು. ಅದೇ ವರ್ಷ ಮೇಯ್ನ್ ಸಂಸ್ಥಾನದ ಮೊಕದ್ದಮೆಯಲ್ಲಿ, ಖಾಸಗಿ ಶಾಲೆಗಳ ಶುಲ್ಕಕ್ಕೆ ಸಹಾಯ ಕೊಡುವ ಸರಕಾರವು ಮತಬೋಧೆಯ ಶಾಲೆಗಳನ್ನು ಮಾತ್ರ ಬಿಡಕೂಡದೆಂದಿತು. ೨೦೨೫ರಲ್ಲಿ ಓಕ್ಲಹಾಮಾದಲ್ಲಿ ಸರಕಾರದ ಹಣದಿಂದಲೇ ನಡೆಯುವ ಕ್ಯಾಥೊಲಿಕ್ ಶಾಲೆಯ ಪ್ರಶ್ನೆ ಬಂದಾಗ ನ್ಯಾಯಾಧೀಶರು ನಾಲ್ಕಕ್ಕೆ ನಾಲ್ಕಾಗಿ ನಿಂತರು. ಹೀಗಾಗಿ ಅದು ಸಲ್ಲದೆಂದ ಆ ಸಂಸ್ಥಾನದ ನ್ಯಾಯಾಲಯದ ತೀರ್ಪೇ ಉಳಿಯಿತು. ಮತದವರೆಂಬ ಕಾರಣಕ್ಕೆ ಯಾರನ್ನೂ ಸರಕಾರದ ಪಂಕ್ತಿಯಿಂದ ಎಬ್ಬಿಸಬಾರದೆಂಬ ವಾದದಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಮ್ಯಾಡಿಸನ್ನನ ಮೂರು ಕಾಸಿನ ಪ್ರಶ್ನೆಗೆ ಅದರಿಂದ ಉತ್ತರವು ದೊರೆತಿದೆಯೆಂದು ನಮಗೆ ತೋರುವುದಿಲ್ಲ. ಗುರುವಿನ ಮೊಣಕಾಲಿನ ವಿಷಯದಲ್ಲಿಯಂತೂ ನಾವು ಶಿಷ್ಯನ ಪಕ್ಷದವರು.

ಇದೆಲ್ಲವೂ ನಮಗೆ ದೂರದ ಕಥೆಯಲ್ಲ. ನಮ್ಮ ರಾಜ್ಯಘಟನೆಯು ಅಮೇರಿಕೆಯ ಗೋಡೆಯನ್ನು ಇದ್ದಂತೆಯೇ ತಂದು ನಿಲ್ಲಿಸಲಿಲ್ಲ, ನಿಲ್ಲಿಸುವಂತೆಯೂ ಇರಲಿಲ್ಲ. ಅಸ್ಪೃಶ್ಯತೆಯನ್ನು ಅಳಿಸಲು, ದೇವಾಲಯಗಳ ಬಾಗಿಲನ್ನು ಎಲ್ಲ ಹಿಂದುಗಳಿಗೂ ತೆರೆಯಿಸಲು ನಮ್ಮ ಸರಕಾರಕ್ಕೆ ಒಳಗೆ ಕೈಹಾಕುವ ಅಧಿಕಾರವು ಬೇಕಾಗಿದ್ದಿತು. ಆದರೆ ಶಾಲೆಯ ವಿಷಯದಲ್ಲಿ ನಮ್ಮವರೂ ಗೆರೆಯನ್ನು ಎಳೆದರು. ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಮತಬೋಧೆ ಇರಕೂಡದೆಂದು ೨೮ನೆಯ ಅನುಚ್ಛೇದವು ಹೇಳುತ್ತದೆ. ೧೯೮೫ರಲ್ಲಿ ಕೇರಳದ ಶಾಲೆಯೊಂದರಿಂದ ಯೆಹೋವನ ಸಾಕ್ಷಿಗಳ ಮೂವರು ಮಕ್ಕಳನ್ನು ಹೊರಗೆ ಹಾಕಿದರು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ೧೯೮೬ರಲ್ಲಿ ನಮ್ಮ ಸುಪ್ರೀಮ್ ಕೋರ್ಟು, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ತೀರ್ಪಿನ ಮೂಲಕ, ಆ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿತು. ಆ ತೀರ್ಪಿನಲ್ಲಿ ೧೯೪೦ರ ಮತ್ತು ೧೯೪೩ರ ಅಮೇರಿಕೆಯ ಎರಡು ತೀರ್ಪುಗಳನ್ನೂ ವಿಚಾರಕ್ಕೆ ತೆಗೆದುಕೊಂಡಿತು. ಮೈನರ್ಸ್‌ವಿಲ್ಲಿನ ಅಕ್ಕತಮ್ಮಂದಿರು ಪಟ್ಟ ಪಾಡು ಅರ್ಧ ಶತಮಾನದ ಮೇಲೆ ನಮ್ಮ ನಾಡಿನ ಮೂವರು ಮಕ್ಕಳ ವಿಚಾರದಲ್ಲಿ ನೆನಪಿಗೆ ಬಂದಿತು.

ಉಪಾಧ್ಯಾಯ ಬಂಧುಗಳೇ, ಬಹುಜನರ ದೇವರಿಗೆ ಸರಕಾರದ ಕಾವಲು ಬೇಕಾಗಿಲ್ಲ. ಬಹುಜನರ ಭಕ್ತಿಯೇ ಆತನಿಗೆ ಕಾವಲು. ಕಾವಲು ಬೇಕಾದುದು ತರಗತಿಯಲ್ಲಿ ಒಂಟಿಯಾಗಿ ಬಾಯಿ ಮುಚ್ಚಿ ನಿಂತ ಮಗುವಿಗೆ. ಇಂದು ಈ ಊರಿನಲ್ಲಿ ಬಹುಜನರಾದ ನಾವೇ ನಾಳೆ ಮತ್ತೊಂದು ಊರಿನಲ್ಲಿ ಒಂಟಿಯಾಗಬಹುದು; ಅಮೇರಿಕೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮಕ್ಕಳು ಅಲ್ಲಿಯ ಸರಕಾರಿ ಶಾಲೆಗಳಲ್ಲಿ ಹಾಗೆಯೇ ಇದ್ದಾರೆ. ಅಲ್ಲಿ ಅವರನ್ನು ಯಾರೂ ಬೈಬಲ್ಲಿನ ಮುಂದೆ ನಿಲ್ಲಿಸಬಾರದೆಂದು ನಾವು ಬಯಸುವೆವಾದರೆ, ಇಲ್ಲಿ ನಮ್ಮ ತರಗತಿಯ ಒಂಟಿ ಮಗುವಿಗೂ ಅದೇ ನ್ಯಾಯವನ್ನು ಸಲ್ಲಿಸಬೇಕು. ಅದನ್ನು ದಯೆಯೆಂದು ಸಲ್ಲಿಸಬೇಡಿರಿ. ಆ ಮಗುವಿನ ಹಕ್ಕೆಂದು ಸಲ್ಲಿಸಿರಿ.